ಅಣ್ಣನ ಬಾಯಿ ಸೊಟ್ಟಗಾಗಿದೆ, ಇದು ಲಕ್ವವಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ. ಅಣ್ಣನಿಗೆ 41 ವರ್ಷ, ಬಿಪಿ, ಶುಗರ್ ಏನೂ ಇಲ್ಲ. ಮೊನ್ನೆ ಮಳೆಯಲ್ಲೇ ಬೈಕಿನಲ್ಲಿ ವಿರಾಜಪೇಟೆಗೆ ಹೋಗಿ ಬಂದ. ನಿನ್ನೆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಎಡಗಡೆಯಿಂದ ನೀರು ಸೋರಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿದೆ, ಎಡಗಣ್ಣು ಮುಚ್ಚುತ್ತಿಲ್ಲ. ಪಕ್ಕದ ಮನೆಯವರು ಲಕ್ವ ಅಂದರು, ಅಜ್ಜಿ ಗಾಳಿ ಬಡಿದಿದೆ ಅಂತಾರೆ. ಡಾಕ್ಟರು ನೋಡಿ ಲಕ್ವ ಅಲ್ಲ, ಮುಖದ ನರದ ತೊಂದರೆ ಅಂತ ಹೇಳಿ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ಸ್ಟೀರಾಯ್ಡ್ ಅಂದರೆ ನಮಗೆ ಭಯ, ಇನ್ನೂ ಶುರು ಮಾಡಿಲ್ಲ. ಕಾಫಿಗೆ ರುಚಿಯೇ ಇಲ್ಲ ಅಂತಾನೆ. ಕುಕ್ಕರ್ ಕೂಗಿದರೆ ಎಡಗಿವಿ ಮುಚ್ಚಿಕೊಳ್ಳುತ್ತಾನೆ. ಆದರೆ ಕೆನ್ನೆ ಮುಟ್ಟಿದರೆ ಚೆನ್ನಾಗಿ ಗೊತ್ತಾಗುತ್ತೆ. ಒಂದೇ ನರ ಕೆಟ್ಟರೆ ಇಷ್ಟೆಲ್ಲ ಹೇಗೆ? ಕರೆಂಟ್ ಕೊಡಿಸಬೇಕಾ? ಸರಿಹೋಗುತ್ತಾ?

ಉತ್ತರ: ಮೊದಲು ಮಾತ್ರೆ. ಇವತ್ತೇ ಊಟ ಆದ ಮೇಲೆ ಶುರು ಮಾಡಿಸಿ, ಉಳಿದದ್ದನ್ನು ಆಮೇಲೆ ಓದಿ. ಬೆಲ್ಸ್ ಪಾಲ್ಸಿ ಅನ್ನುವ ಈ ಮುಖದ ನರದ ಕಾಯಿಲೆಯಲ್ಲಿ ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 72 ಗಂಟೆಯೊಳಗೆ ಶುರು ಮಾಡಿದರೆ. ನಿಮ್ಮ ಲೆಕ್ಕದಲ್ಲಿ ಇನ್ನೂ ಸಮಯ ಇದೆ, ಆದರೆ ಅಕ್ಕಪಕ್ಕದವರನ್ನೆಲ್ಲ ಕೇಳಿ ತೀರ್ಮಾನ ಮಾಡುವಷ್ಟು ಇಲ್ಲ.

ನಿಮ್ಮ ಭಯ ನನಗೆ ಗೊತ್ತಾಗುತ್ತೆ. ಮುಖ ಊದಿಕೊಳ್ಳುತ್ತೆ, ಮೂಳೆ ಸವೆಯುತ್ತೆ ಅಂತ ನೀವು ಕೇಳಿರುವುದೆಲ್ಲ ತಿಂಗಳುಗಟ್ಟಲೆ ನುಂಗುವವರ ಕಥೆ. ಇಲ್ಲಿ ಕೊಡುವುದು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ. 2007ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳಿಗೆ ಪೂರ್ತಿ ಸರಿಹೋದವರು 94.4%, ತೆಗೆದುಕೊಳ್ಳದವರಲ್ಲಿ 81.6%. ಅಂದರೆ ಮಾತ್ರೆ ಇಲ್ಲದೆಯೂ ಹೆಚ್ಚಿನವರು ಸರಿಹೋಗುತ್ತಾರೆ, ನಿಜ. ಆದರೆ ಸರಿಹೋಗದೆ ಉಳಿಯುವವರಲ್ಲಿ ನಿಮ್ಮ ಅಣ್ಣ ಇರುತ್ತಾರೋ ಇಲ್ಲವೋ ಅಂತ ಇವತ್ತು ಯಾರಿಗೂ ಹೇಳಲಾಗಲ್ಲ. ಶುಗರ್ ಇರುವವರಿಗೆ ಈ ಮಾತ್ರೆಯಿಂದ ಶುಗರ್ ಏರುತ್ತೆ, ಅವರಿಗೂ ಕೊಡುತ್ತೇವೆ, ಆದರೆ ದಿನಾ ಶುಗರ್ ನೋಡಿಕೊಂಡು. ನಿಮ್ಮ ಅಣ್ಣನಿಗೆ ಆ ತಲೆನೋವೂ ಇಲ್ಲ.

ಈಗ ಲಕ್ವದ ವಿಷಯ. ನಿಮ್ಮ ಡಾಕ್ಟರು ಲಕ್ವ ಅಲ್ಲ ಅಂತ ಹೇಗೆ ಹೇಳಿದರು ಅಂತ ಆಶ್ಚರ್ಯ ಆಗಿರಬಹುದು. ಅವರು ಖಂಡಿತ ಹಣೆ ನೋಡಿರುತ್ತಾರೆ. ನೀವೂ ನೋಡಿ. ಅಣ್ಣನನ್ನು ಎದುರಿಗೆ ಕೂರಿಸಿ, ಹುಬ್ಬು ಮೇಲೆತ್ತಲು ಹೇಳಿ. ಬಲಗಡೆ ಹಣೆಯಲ್ಲಿ ಗೆರೆ ಮೂಡುತ್ತವೆ, ಎಡಗಡೆ ಹಣೆ ನುಣ್ಣಗೆ ಹಾಗೇ ಇರುತ್ತೆ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ಸುಮ್ಮನಾಗಿದ್ದರೆ ತೊಂದರೆ ಸಾಮಾನ್ಯವಾಗಿ ನರದಲ್ಲಿ. ಹಣೆ ಎರಡೂ ಕಡೆ ಚೆನ್ನಾಗಿ ಎದ್ದು, ಬಾಯಿ ಮಾತ್ರ ಜೋತು ಬಿದ್ದಿದ್ದರೆ ತೊಂದರೆ ಮೆದುಳಿನಲ್ಲಿ ಅಂತ ಹಿಡಿದುಕೊಂಡು ಓಡಬೇಕು.

ಯಾಕೆ ಹೀಗೆ? ಮುಖದ ಕೆಳಭಾಗಕ್ಕೆ ಅಪ್ಪಣೆ ಬರುವುದು ಹೆಚ್ಚಾಗಿ ಮೆದುಳಿನ ಎದುರು ಬದಿಯಿಂದ. ಹಣೆಗೆ ಮಾತ್ರ ಎರಡೂ ಬದಿಯಿಂದ ಬರುತ್ತೆ. ಲಕ್ವದಲ್ಲಿ ಮೆದುಳಿನ ಒಂದು ಬದಿ ಹೋದರೂ ಇನ್ನೊಂದು ಬದಿ ಹಣೆಯನ್ನು ನಡೆಸುತ್ತೆ. ನರವೇ ಹೋದರೆ ಅಪ್ಪಣೆ ಯಾವ ಬದಿಯಿಂದ ಬಂದರೂ ಮುಟ್ಟುವ ದಾರಿ ಇಲ್ಲ. ಇದಕ್ಕೆ ಅಪವಾದ ಉಂಟು. ಮೆದುಳಿನ ಕಾಂಡದಲ್ಲಿ, ಈ ನರ ಹುಟ್ಟುವ ಜಾಗದಲ್ಲೇ ಸ್ಟ್ರೋಕ್ ಆದರೆ ಹಣೆಯೂ ಹೋಗಬಹುದು. ಆದರೆ ಆಗ ಮುಖ ಒಂದೇ ಕೆಡುವುದು ಅಪರೂಪ. ಎರಡೆರಡು ಕಾಣುವುದು, ತಲೆ ಸುತ್ತಿ ನಿಲ್ಲಲಾಗದಿರುವುದು, ಮಾತು ತೊದಲುವುದು, ಕೈ ಅಥವಾ ಕಾಲು ಸೋಲುವುದು, ಇಂಥದ್ದು ಏನಾದರೂ ಸಾಮಾನ್ಯವಾಗಿ ಜೊತೆಗೆ ಇರುತ್ತೆ. ಹಾಗೇನಾದರೂ ಕಂಡರೆ ನಾನು ಬರೆದದ್ದನ್ನು ಬಿಟ್ಟು ಆಂಬುಲೆನ್ಸ್ ಕರೆಸಿ. ಸ್ಟ್ರೋಕಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಕ್ಕೆ ಸಾಮಾನ್ಯವಾಗಿ 4.5 ಗಂಟೆಯ ಮಿತಿ ಇದೆ, ನಮ್ಮ ಮಳೆಗಾಲದ ರಸ್ತೆಯಲ್ಲಿ ಮಡಿಕೇರಿ ಮುಟ್ಟುವ ಹೊತ್ತೂ, ಅಲ್ಲಿಂದ ಮೈಸೂರಿಗೆ ಕಳಿಸಿದರೆ ಆ ಸುಮಾರು 120 ಕಿಲೋಮೀಟರ್ ಹೊತ್ತೂ ಅದರಲ್ಲೇ ಸೇರುತ್ತೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಗಾಗಲಿ ನೋಡೋಣ ಅಂತ ಕಾಯುತ್ತಾರೆ, ಅದು ನನಗೆ ಸಿಟ್ಟು ಬರಿಸುವ ವಿಷಯ.

ಇನ್ನೊಂದು, ಬಾಯಿ ಯಾವ ಕಡೆಗೆ ಎಳೆದಿದೆಯೋ ಆ ಕಡೆ ಕೆಟ್ಟಿದೆ ಅಂತ ಬಹಳ ಜನ ತಿಳಿಯುತ್ತಾರೆ. ಉಲ್ಟಾ. ಎಳೆಯುತ್ತಿರುವುದು ಗಟ್ಟಿ ಇರುವ ಕಡೆ. ಬಲಗೆನ್ನೆಗೆ ಎಣ್ಣೆ ತಿಕ್ಕಿ ನೇರ ಮಾಡಲು ಹೋಗಬೇಡಿ.

ಒಂದೇ ನರ ಇಷ್ಟೆಲ್ಲ ಹೇಗೆ ಕೆಡಿಸುತ್ತೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಯಾಕೆಂದರೆ ನಿಮ್ಮ ಅಣ್ಣ ಹೇಳಿದ ಒಂದೊಂದು ತೊಂದರೆಯೂ ಆ ನರದ ದಾರಿಯಲ್ಲಿ ಒಂದೊಂದು ಜಾಗ ತೋರಿಸುತ್ತೆ. ಮೆದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ಅದರಲ್ಲಿ ಇದು ಏಳನೆಯದು. ಎಡಕ್ಕೊಂದು, ಬಲಕ್ಕೊಂದು. ಒಂದೊಂದರಲ್ಲೂ ಸುಮಾರು 10,000 ಎಳೆ, ಹೆಚ್ಚಿನವು ಸ್ನಾಯು ಆಡಿಸುವಂಥವು, ಉಳಿದವು ರುಚಿಗೆ, ಕಣ್ಣೀರಿಗೆ, ಜೊಲ್ಲಿಗೆ.

ಹುಟ್ಟುವುದು ಮೆದುಳಿನ ಕಾಂಡದಲ್ಲಿ. ಅಲ್ಲಿಂದ ಕಿವಿ ಕೇಳಿಸುವ ನರದ ಜೊತೆಗೇ ಹೊರಟು ಕಿವಿಯ ಹಿಂದಿನ ಮೂಳೆಯೊಳಗೆ ನುಗ್ಗುತ್ತೆ. ಆ ಮೂಳೆ ನಮ್ಮ ಮೈಯಲ್ಲೇ ಗಟ್ಟಿಯಾದ ಮೂಳೆಗಳಲ್ಲಿ ಒಂದು. ಅದರೊಳಗಿನ ಸಣ್ಣ ಕೊಳವೆಯಲ್ಲಿ ಸುಮಾರು 3 ಸೆಂಟಿಮೀಟರ್ ದೂರ, ಎರಡು ಕಡೆ ತಿರುವು ತೆಗೆದುಕೊಂಡು, ಒಳಗಿವಿ, ನಡುಗಿವಿ ಎಲ್ಲ ಸವರಿಕೊಂಡು ಹೋಗಬೇಕು. ಇಷ್ಟು ಉದ್ದ ಮೂಳೆಯೊಳಗೆ ಸಾಗುವ ನರ ನಮ್ಮ ತಲೆಯಲ್ಲಿ ಇನ್ನೊಂದಿಲ್ಲ. ಕೊಳವೆಯ ಅತಿ ಕಿರಿದಾದ ಜಾಗ 0.7 ಮಿಲಿಮೀಟರ್ ಅಷ್ಟೇ. ತೊಂದರೆ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಜುಲೈ ಬಂತೆಂದರೆ ನಮ್ಮ ಮನೆಗಳ ಮರದ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಲ್ಲ, ಹಾಗೆ ಬಾವು ಬಂದ ನರ ಮೂಳೆಗೆ ಬಿಗಿದುಕೊಳ್ಳುತ್ತೆ. ಬಿಗಿದರೆ ರಕ್ತ ಓಡಲ್ಲ, ರಕ್ತ ಓಡದಿದ್ದರೆ ಬಾವು ಇನ್ನೂ ಜಾಸ್ತಿ. ಸ್ಟೀರಾಯ್ಡ್ ಮಾಡುವುದು ಈ ಬಾವು ಇಳಿಸುವ ಕೆಲಸ. ತಡವಾದರೆ ಅಷ್ಟರಲ್ಲಿ ಎಳೆಗಳು ಸತ್ತಿರುತ್ತವೆ, ಬಾವು ಇಳಿದರೂ ಲಾಭ ಕಡಿಮೆ.

ಆ ಕಿರಿದಾದ ಜಾಗ ದಾಟಿದ ತಕ್ಷಣ ಒಂದು ಗಂಟು, ಅಲ್ಲಿಂದ ಮೊದಲ ಕವಲು ಒಡೆದು ಕಣ್ಣೀರಿನ ಗ್ರಂಥಿ ಕಡೆ ಹೋಗುತ್ತೆ. ಅದಕ್ಕೇ ಕೆಲವರಿಗೆ ಆ ಕಡೆಯ ಕಣ್ಣು ಒಣಗುತ್ತೆ. ಆದರೆ ಅದೇ ಕಣ್ಣಿಂದ ಸದಾ ನೀರು ಸುರಿಯುತ್ತೆ ಅಂತಲೂ ದೂರುತ್ತಾರೆ! ಎರಡೂ ನಿಜ. ಕಣ್ಣೀರು ಮೂಗಿನ ಕಡೆಗೆ ಇಳಿಯಬೇಕಾದರೆ ರೆಪ್ಪೆ ಮಿಟುಕಿ ತಳ್ಳಬೇಕು. ರೆಪ್ಪೆ ಸೋತಾಗ ಇರುವ ಸ್ವಲ್ಪ ನೀರೂ ಕೆನ್ನೆಗೇ ಇಳಿಯುತ್ತೆ.

ಎರಡನೆಯ ಕವಲು ನಡುಗಿವಿಯಲ್ಲಿ, ಸ್ಟೆಪೀಡಿಯಸ್ ಅನ್ನುವ ಸ್ನಾಯುವಿಗೆ. ಮೂಳೆಗೆ ಅಂಟಿ ಕೆಲಸ ಮಾಡುವ ಸ್ನಾಯುಗಳಲ್ಲಿ ದೇಹದಲ್ಲೇ ಚಿಕ್ಕದು ಇದು. ಸದ್ದು ಜೋರಾದಾಗ ಕಿವಿಯೊಳಗಿನ ಪುಟ್ಟ ಮೂಳೆಯನ್ನು ಹಿಡಿದು ಅದರ ಅಲುಗಾಟ ಕಡಿಮೆ ಮಾಡುತ್ತೆ. ಅದು ಸೋತರೆ ಕುಕ್ಕರ್ ಸೀಟಿ, ಪಾತ್ರೆ ಬಿದ್ದ ಸದ್ದು, ಮದುವೆ ಮನೆಯ ವಾಲಗ, ಎಲ್ಲ ಆ ಕಿವಿಗೆ ಚುಚ್ಚಿದ ಹಾಗೆ ಕೇಳಿಸುತ್ತೆ. ಅಣ್ಣ ಕಿವಿ ಮುಚ್ಚಿಕೊಳ್ಳುವುದು ಇದಕ್ಕೆ. ಇದು ಕಿವಿ ಕೆಟ್ಟ ಲಕ್ಷಣ ಅಲ್ಲ. ಅಂದಹಾಗೆ, ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಹಾರಿಸುವವರು ಈ ಸ್ನಾಯು ನಮ್ಮನ್ನು ಕಾಯುತ್ತೆ ಅಂದುಕೊಳ್ಳಬೇಡಿ. ಗುಂಡಿನ ಸದ್ದು ಒಳಗೆ ಹೋಗಿ ಮುಗಿಯುವಷ್ಟರಲ್ಲಿ ಇದು ಇನ್ನೂ ಬಿಗಿಯುತ್ತಲೇ ಇರುತ್ತೆ. ಕಿವಿಗೆ ಹತ್ತಿಯಲ್ಲ, ಸರಿಯಾದ ಇಯರ್‌ಪ್ಲಗ್ ಹಾಕಿಕೊಳ್ಳಿ.

ಮೂರನೆಯದು ನನಗೆ ಬಹಳ ಇಷ್ಟವಾದ ಕವಲು, ಕಾರ್ಡಾ ಟಿಂಪನಿ. ಕಿವಿಯ ಆಪರೇಷನ್ ಮಾಡುವಾಗ ತಮಟೆಯನ್ನು ಎತ್ತಿದರೆ ಅದರ ಹಿಂದೆಯೇ ಬಿಳಿ ದಾರದಂತೆ ಕಾಣುತ್ತೆ, ಎರಡು ಪುಟ್ಟ ಮೂಳೆಗಳ ನಡುವೆ ಗಾಳಿಯಲ್ಲಿ ತೂಗುತ್ತಾ. ಕಿವಿಯೊಳಗೆ ಹಾದುಹೋಗುವ ಇದಕ್ಕೂ ಕೇಳುವುದಕ್ಕೂ ಸಂಬಂಧವೇ ಇಲ್ಲ. ಹೋಗುವುದು ನಾಲಿಗೆಗೆ, ಮುಂದಿನ ಮೂರನೇ ಎರಡು ಭಾಗದ ರುಚಿ ತರುವುದು ಇದೇ. ಜೊತೆಗೆ ದವಡೆಯ ಕೆಳಗಿನ ಜೊಲ್ಲು ಗ್ರಂಥಿಗಳಿಗೂ ಅಪ್ಪಣೆ ಒಯ್ಯುತ್ತೆ. ಆಪರೇಷನ್ನಿನಲ್ಲಿ ಅದನ್ನು ಸ್ವಲ್ಪ ಎಳೆದರೂ ಸಾಕು, ಕೆಲವರು ಆಮೇಲೆ ವಾರಗಟ್ಟಲೆ ಬಾಯಲ್ಲಿ ಕಬ್ಬಿಣ ಇಟ್ಟ ಹಾಗಿದೆ ಅನ್ನುತ್ತಾರೆ. ಅಣ್ಣನ ಕಾಫಿ ಸಪ್ಪೆಯಾಗಿದ್ದು ಹೀಗೆ. ಪರೀಕ್ಷೆ ಮಾಡಬೇಕಾ? ನಾಲಿಗೆ ಹೊರಗೆ ಹಾಕಿಸಿ, ಒದ್ದೆ ಬೆರಳಿಗೆ ಉಪ್ಪು ಅಂಟಿಸಿ ಮೊದಲು ಎಡ ಅಂಚಿಗೆ, ಬಾಯಿ ತೊಳೆದು ಆಮೇಲೆ ಬಲ ಅಂಚಿಗೆ ಮುಟ್ಟಿಸಿ. ನಾಲಿಗೆ ಒಳಗೆ ಎಳೆದುಕೊಳ್ಳದೆ ಹೇಳಬೇಕು. ವ್ಯತ್ಯಾಸ ಗೊತ್ತಾಗುತ್ತೆ. ನಾಲಿಗೆಯ ಹಿಂಭಾಗದ ರುಚಿ ಬೇರೆ ನರದ್ದು, ಅದಕ್ಕೇ ಊಟ ಪೂರ್ತಿ ಸಪ್ಪೆಯಾಗಿಲ್ಲ.

ಈ ಮೂರೂ ಕವಲು ಬಿಟ್ಟ ಮೇಲೆ ನರ ಕಿವಿಯ ಕೆಳಗಿನ ತೂತಿನಿಂದ ಹೊರಬಂದು ಕೆನ್ನೆಯ ದೊಡ್ಡ ಜೊಲ್ಲು ಗ್ರಂಥಿಯೊಳಗೆ ನುಗ್ಗಿ ಐದು ಕವಲಾಗುತ್ತೆ. ಹಣೆಗೆ, ಕಣ್ಣಿನ ಸುತ್ತಕ್ಕೆ, ಕೆನ್ನೆ ಮತ್ತು ಮೇಲ್ದುಟಿಗೆ, ಕೆಳದುಟಿಗೆ, ಕತ್ತಿಗೆ. ನೋಡಿ, ರುಚಿಯೂ ಹೋಗಿದೆ, ಸದ್ದೂ ಚುಚ್ಚುತ್ತಿದೆ ಅಂದರೆ ನಿಮ್ಮ ಅಣ್ಣನ ನರ ಸಿಕ್ಕಿಕೊಂಡಿರುವುದು ಆ ಕವಲುಗಳಿಗಿಂತ ಮೇಲೆ, ಮೂಳೆಯೊಳಗೇ. ಅದೇ ಯಾರಿಗಾದರೂ ಕಾಡು ಕಡಿಯುವಾಗ ಕತ್ತಿ ತಾಗಿ ಕೆನ್ನೆ ಸೀಳಿದ್ದರೆ ರುಚಿ, ಸದ್ದು ಎಲ್ಲ ಸರಿ ಇದ್ದು ತುಟಿಯೋ ಕಣ್ಣೋ ಮಾತ್ರ ಸೋಲುತ್ತೆ. ಅಂಥ ಗಾಯ ಕಣ್ಣಿನ ಹೊರ ಅಂಚಿನಿಂದ ನೇರ ಕೆಳಗೆ ಎಳೆದ ಗೆರೆಗಿಂತ ಕಿವಿ ಕಡೆಗಿದ್ದರೆ ಚರ್ಮ ಹೊಲಿಸಿಕೊಂಡು ಮನೆಗೆ ಬರಬೇಡಿ. ತುಂಡಾದ ನರವನ್ನು ಹುಡುಕಿ ಜೋಡಿಸುವುದು ಮೊದಲ ಮೂರು ದಿನದಲ್ಲಿ ಸುಲಭ, ಆಮೇಲೆ ತುದಿಗೆ ಕರೆಂಟ್ ಮುಟ್ಟಿಸಿದರೂ ಸ್ನಾಯು ಮಿಸುಕದೆ ಹುಡುಕುವುದೇ ಕಷ್ಟ.

ಕೆನ್ನೆ ಮುಟ್ಟಿದರೆ ಗೊತ್ತಾಗುವುದು ಯಾಕೆ ಅಂದರೆ, ಮುಖದ ಸ್ಪರ್ಶ ಈ ನರದ ಕೆಲಸವೇ ಅಲ್ಲ. ಅದು ಐದನೆಯದು, ಟ್ರೈಜೆಮಿನಲ್. ಅಗಿಯುವ ಸ್ನಾಯುಗಳೂ ಅದರವೇ, ಹಾಗಾಗಿ ಅಣ್ಣ ಪಂದಿಕರಿ ಅಗಿಯಬಲ್ಲರು. ಆದರೆ ಕೆನ್ನೆಯನ್ನು ಹಲ್ಲಿಗೆ ಒತ್ತಿ ಹಿಡಿಯುವ ಸ್ನಾಯು ಏಳನೆಯದರದ್ದು, ಅದಕ್ಕೇ ಅಕ್ಕಿಯ ಉಂಡೆ ಕಡಂಬುಟ್ಟು ಎಡಗೆನ್ನೆಯೊಳಗೆ ಸೇರಿಕೊಂಡು ಬೆರಳಲ್ಲಿ ತೆಗೆಯಬೇಕಾಗುತ್ತೆ. ಕಣ್ಣು ತೆರೆಯುವ ಸ್ನಾಯು ಮೂರನೆಯ ನರದ್ದು, ಮುಚ್ಚುವುದು ಏಳನೆಯದು. ಹೀಗಾಗಿ ಕಣ್ಣು ತೆರೆದೇ ಉಳಿಯುತ್ತೆ. ಮುಚ್ಚಲು ಹೇಳಿದರೆ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಕಾಣುತ್ತೆ. ಮನೆಯವರು ಇದನ್ನು ನೋಡಿ ಹೆದರುತ್ತಾರೆ, ಆದರೆ ನಮ್ಮಲ್ಲಿ ಹೆಚ್ಚಿನವರು ಕಣ್ಣು ಬಿಗಿಯಾಗಿ ಮುಚ್ಚುವಾಗ ಆಗುವುದೇ ಅದು, ರೆಪ್ಪೆ ಅಡ್ಡ ಇರುವುದರಿಂದ ಕಾಣಲ್ಲ. ಇದಕ್ಕೂ ಈ ಕಾಯಿಲೆಗೂ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಹೆಸರೇ ಉಳಿದಿದೆ, ಆತ 1821ರಲ್ಲಿ ಮುಖದ ನರಗಳ ಬಗ್ಗೆ ಬರೆದಿದ್ದಕ್ಕೆ. ಬಾಯಿ ಸೊಟ್ಟಗಾಗುವುದನ್ನು ಪರ್ಷಿಯಾದ ಅಲ್ ರಾಝಿ ಅದಕ್ಕೂ ಒಂಬೈನೂರು ವರ್ಷ ಮುಂಚೆ ಬರೆದಿಟ್ಟಿದ್ದ.

ಇನ್ನು ಅಜ್ಜಿಯ ಗಾಳಿ. ಅಜ್ಜಿಯನ್ನು ಬೈಯಬೇಡಿ, ಯುರೋಪಿನ ಡಾಕ್ಟರುಗಳೂ ಬಹಳ ಕಾಲ ಚಳಿಗಾಳಿಯನ್ನೇ ದೂರುತ್ತಿದ್ದರು. ಈಗ ಹೆಚ್ಚು ಅನುಮಾನ ಇರುವುದು ತುಟಿಯಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಮೇಲೆ. ಅದು ಚಿಕ್ಕಂದಿನಲ್ಲೇ ಮೈಗೆ ಸೇರಿ ನರದ ಗಂಟುಗಳಲ್ಲಿ ಮಲಗಿರುತ್ತೆ, ಯಾವತ್ತೋ ಏಳುತ್ತೆ. 1996ರಲ್ಲಿ ಜಪಾನಿನ ವೈದ್ಯರು ಇಂಥ 14 ರೋಗಿಗಳ ನರದ ದ್ರವ ಪರೀಕ್ಷಿಸಿದಾಗ 11 ಜನರಲ್ಲಿ ಆ ವೈರಸ್ಸಿನ ಗುರುತು ಸಿಕ್ಕಿತು. ಬೈಕಿನ ಗಾಳಿಯಿಂದಲೇ ಆಯಿತು ಅನ್ನುವುದಕ್ಕೆ ಪುರಾವೆ ಇಲ್ಲ. ಕಕ್ಕಡ ಅನ್ನುವ ಜೋರು ಮಳೆಯ ತಿಂಗಳಲ್ಲಿ ಕೊಡಗಿನಲ್ಲಿ ಮಳೆಗಾಳಿಗೆ ಮುಖ ಒಡ್ಡದವರು ಯಾರಿದ್ದಾರೆ ಹೇಳಿ?

ಆದರೆ ಒಂದು ಕೆಲಸ ಮಾಡಿ. ಟಾರ್ಚ್ ಹಿಡಿದು ಅಣ್ಣನ ಎಡಗಿವಿಯ ಒಳಗೆ, ಹಾಲೆಯ ಗುಂಡಿಯಲ್ಲಿ, ಬಾಯಿಯ ಅಂಗುಳದಲ್ಲಿ ನೀರುಗುಳ್ಳೆ ಇದೆಯಾ ನೋಡಿ. ಗುಳ್ಳೆ, ಜೊತೆಗೆ ಕಿವಿಯೊಳಗೆ ತಡೆಯಲಾರದ ನೋವು, ತಲೆಸುತ್ತು, ಕಿವಿ ಮಂದವಾಗುವುದು ಇದ್ದರೆ ಅದು ಸರ್ಪಸುತ್ತಿನ ವೈರಸ್. ಅಮೆರಿಕದ ರಾಮ್ಸೆ ಹಂಟ್ 1907ರಲ್ಲಿ ವಿವರಿಸಿದ ಕಾಯಿಲೆ ಅದು, 2022ರಲ್ಲಿ ಗಾಯಕ ಜಸ್ಟಿನ್ ಬೀಬರ್‌ಗೆ ಬಂದದ್ದೂ ಅದೇ. ಅದಕ್ಕೆ ಸ್ಟೀರಾಯ್ಡ್ ಜೊತೆ ವೈರಸ್ಸಿನ ಮಾತ್ರೆಯೂ ಬೇಕು, ವಾಸಿಯಾಗುವುದೂ ಇದಕ್ಕಿಂತ ಕಷ್ಟ. ಬಹಳ ದಿನದಿಂದ ಕಿವಿ ಸೋರುತ್ತಿರುವವರಿಗೆ ಮುಖ ಸೊಟ್ಟಗಾದರೆ ಅದು ಬೇರೆಯೇ ವಿಷಯ, ಕಿವಿಯೊಳಗಿನ ಕೀವು ಮೂಳೆ ತಿಂದು ನರಕ್ಕೆ ತಲುಪಿದೆ ಅಂತ ಅರ್ಥ, ಕೂಡಲೇ ಆಪರೇಷನ್ ಬೇಕಾಗಬಹುದು. ಕೆನ್ನೆಯಲ್ಲಿ ಗಂಟಿದ್ದು ಮುಖ ಸೋತರೂ, ಮುಖದಲ್ಲಿ ಸ್ಪರ್ಶ ಇಲ್ಲದ ಮಚ್ಚೆ ಇದ್ದರೂ ಸುಮ್ನೆ ಬೆಲ್ಸ್ ಪಾಲ್ಸಿ ಅಂತ ಬಿಡಬಾರದು. ಮೊದಲನೆಯದು ಗ್ರಂಥಿಯ ಕ್ಯಾನ್ಸರ್ ಇರಬಹುದು, ಎರಡನೆಯದು ಕುಷ್ಠ. ಬೆಲ್ಸ್ ಪಾಲ್ಸಿ ಗಂಟೆಗಳಲ್ಲಿ, ಹೆಚ್ಚೆಂದರೆ ಮೂರು ದಿನದೊಳಗೆ ಪೂರ್ತಿ ಬರುತ್ತೆ. ವಾರಗಟ್ಟಲೆ ಮೆಲ್ಲಗೆ ಜಾಸ್ತಿಯಾಗುತ್ತಾ ಹೋದರೆ ಅದು ಇದಲ್ಲ.

ಈಗ ನಿಜವಾಗಿ ಕಾಪಾಡಬೇಕಾದದ್ದು ಕಣ್ಣು. ಬಾಯಿ ಸೊಟ್ಟ ಅಂತ ಎಲ್ಲರೂ ಬಾಯಿಯನ್ನೇ ನೋಡುತ್ತಾರೆ, ಆದರೆ ಹೆಚ್ಚಿನವರಲ್ಲಿ ಬಾಯಿ ತಾನಾಗಿ ನೇರವಾಗುತ್ತೆ, ಒಣಗಿ ಹುಣ್ಣಾದ ಕಣ್ಣಿನ ಕಪ್ಪುಗುಡ್ಡೆಯಲ್ಲಿ ಬಿಳಿ ಕಲೆ ಉಳಿದುಬಿಡುತ್ತೆ. ಹಗಲು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ ಹಾಕಲಿ, ಡಾಕ್ಟರು ಬರೆದುಕೊಡುತ್ತಾರೆ. ಮನೆಯಿಂದ ಹೊರಟರೆ ಕನ್ನಡಕ, ಒಲೆಯ ಹೊಗೆ ಹತ್ತಿರ, ಕಣದಲ್ಲಿ ಕಾಫಿ ಧೂಳಿನ ಹತ್ತಿರ ಕೂರಬಾರದು, ಬೈಕ್ ಸದ್ಯಕ್ಕೆ ಬೇಡ. ರಾತ್ರಿ ಕಣ್ಣಿನ ಮುಲಾಮು ಹಾಕಿ, ಬೆರಳಲ್ಲಿ ರೆಪ್ಪೆಯನ್ನು ಪೂರ್ತಿ ಕೆಳಗೆ ಎಳೆದು, ಅದರ ಮೇಲೆ ಕಾಗದದ ಪ್ಲಾಸ್ಟರ್ ಅಂಟಿಸಿ. ರೆಪ್ಪೆ ಮುಚ್ಚದೆ ಬರೀ ಹತ್ತಿ ಇಟ್ಟು ಕಟ್ಟಬೇಡಿ, ಒಳಗೆ ಕಣ್ಣು ತೆರೆದುಕೊಂಡು ಹತ್ತಿಗೆ ಉಜ್ಜುತ್ತೆ. ಕಣ್ಣು ಕೆಂಪಾದರೆ, ನೋವು ಬಂದರೆ, ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕರೆಂಟ್ ಬೇಡ. ಈ ಹಂತದಲ್ಲಿ ಅದರಿಂದ ಲಾಭ ಇದೆ ಅಂತ ಸಾಬೀತಾಗಿಲ್ಲ, ನರ ಅಡ್ಡಾದಿಡ್ಡಿ ಚಿಗುರುವುದಕ್ಕೆ ಅದು ಇನ್ನಷ್ಟು ದಾರಿ ಮಾಡುತ್ತೆ ಅನ್ನುವ ಆತಂಕವೂ ಇದೆ. ಬಲೂನ್ ಊದಿಸುವುದು, ಮುಖ ಹಿಂಡಿ ಹಿಂಡಿ ವ್ಯಾಯಾಮ ಮಾಡಿಸುವುದೂ ಬೇಡ. ಮುಖ ಸ್ವಲ್ಪ ಮಿಸುಕಲು ಶುರುವಾದ ಮೇಲೆ ಕನ್ನಡಿ ಮುಂದೆ ಕೂತು ಸಣ್ಣದಾಗಿ, ನಿಧಾನವಾಗಿ ಆಡಿಸಿದರೆ ಸಾಕು. ಬರೆ ಹಾಕಿಸೋಣ ಅಂತ ಯಾರಾದರೂ ಬಂದರೆ ಗೇಟಿನಲ್ಲೇ ಕಳಿಸಿ.

ಸರಿಹೋಗುತ್ತಾ? ಹೆಚ್ಚಿನವರಿಗೆ ಮೂರು ವಾರದೊಳಗೆ ಮೊದಲ ಅಲುಗಾಟ ಕಾಣುತ್ತೆ, ಹಾಗೆ ಕಂಡವರು ಬಹುಪಾಲು ಪೂರ್ತಿ ಸರಿಹೋಗುತ್ತಾರೆ. ಇವರಲ್ಲಿ ಎಳೆಗಳು ಸತ್ತಿರಲ್ಲ, ಬಾವಿನಿಂದ ಸುಮ್ಮನಾಗಿರುತ್ತವೆ ಅಷ್ಟೇ. ಎಳೆ ಸತ್ತರೆ ಹೊಸದು ಬೆಳೆಯಬೇಕು, ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ. ಕಿವಿಯೊಳಗಿಂದ ತುಟಿಯವರೆಗೆ ದೂರ ಲೆಕ್ಕ ಹಾಕಿದರೆ ಮೂರು ನಾಲ್ಕು ತಿಂಗಳು ಯಾಕೆ ಬೇಕು ಅಂತ ನಿಮಗೇ ಗೊತ್ತಾಗುತ್ತೆ. ಬೆಳೆಯುವಾಗ ದಾರಿ ತಪ್ಪುವುದೂ ಉಂಟು. ತುಟಿಗೆ ಹೋಗಬೇಕಾದ ಎಳೆ ಕಣ್ಣಿಗೆ ಸೇರಿದರೆ ನಕ್ಕಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತೆ. ಜೊಲ್ಲಿನ ಎಳೆ ಕಣ್ಣೀರಿನ ಗ್ರಂಥಿಗೆ ಸೇರಿದವರಿಗೆ ಊಟಕ್ಕೆ ಕೂತರೆ ಕಣ್ಣಲ್ಲಿ ನೀರು! ಇದಕ್ಕೂ ಬೊಟಾಕ್ಸ್ ಇಂಜೆಕ್ಷನ್, ತರಬೇತಿ ಅಂತ ಉಪಾಯಗಳಿವೆ, ಆದರೆ ಅದು ಆಮೇಲಿನ ಮಾತು.

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಬೆಳಕಿನಲ್ಲಿ ಕೂರಿಸಿ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಹುಬ್ಬು ಎತ್ತಲಿ, ಕಣ್ಣು ಬಿಗಿಯಾಗಿ ಮುಚ್ಚಲಿ, ಹಲ್ಲು ತೋರಿಸಲಿ, ತುಟಿ ಮುಂದೆ ಮಾಡಲಿ. ದಿನಾ ನೋಡುವವರಿಗೆ ಬದಲಾವಣೆ ಗೊತ್ತಾಗಲ್ಲ, ವಿಡಿಯೋದಲ್ಲಿ ಗೊತ್ತಾಗುತ್ತೆ. ಮೂರು ವಾರಕ್ಕೆ ಸ್ವಲ್ಪವೂ ಅಲುಗದಿದ್ದರೆ ಇಎನ್‌ಟಿ ಅಥವಾ ನರರೋಗ ತಜ್ಞರಿಗೆ ತೋರಿಸಿ. ಮೂರು ತಿಂಗಳಾದರೂ ಏನೂ ಇಲ್ಲದಿದ್ದರೆ ಎಂಆರ್‌ಐ ಮಾಡಿಸಬೇಕು. ಆ ವಿಡಿಯೋಗಳನ್ನು ಅಳಿಸದೆ ಜೊತೆಗೆ ತೆಗೆದುಕೊಂಡು ಹೋಗಿ.